ಸಾಲಕ್ಕೆ ಸಹಿ ಹಾಕುವ ಮುಂಚೆ ಮನೆ ಭದ್ರ ಮಾಡಿ: ದುಡಿಯುವವರಿಗೆ 12 ಸೂತ್ರಗಳು

ಚನ್ನಗಿರಿ ಸೀಮೆಯಲ್ಲಿ ಅಡಿಕೆ ರೇಟು ಎಲ್ಲರ ಬಾಯಲ್ಲೂ ಇರುತ್ತದೆ. ಕೆರೆಬಿಳಚಿ ಬಸ್ ಸ್ಟ್ಯಾಂಡಿನಲ್ಲಿ ನಿಂತ ಪಿಯುಸಿ ಹುಡುಗನೂ ರಾಶಿ ಅಡಿಕೆ ಕ್ವಿಂಟಲ್‌ಗೆ ಇವತ್ತು ಎಷ್ಟು ಅಂತ ಹೇಳುತ್ತಾನೆ. ಅವನ ಮನೆಯ ಖಾತೆ ಯಾರ ಹೆಸರಲ್ಲಿದೆ ಅಂತ ಕೇಳಿ ನೋಡಿ. 'ಅಪ್ಪಂಗೆ ಗೊತ್ತು' ಅನ್ನುತ್ತಾನೆ. ಅಪ್ಪನನ್ನು ಕೇಳಿದರೆ 'ಅದು ನಮ್ಮ ತಾತನ ಕಾಲದ್ದು' ಅನ್ನುತ್ತಾರೆ. ತಾತ ಇಲ್ಲ.

ಈ ಅಭ್ಯಾಸ ಇವತ್ತೇ ಬಿಡಿ. ನೀವು ಡಿಗ್ರಿ ಓದುತ್ತಿರಬಹುದು, ದಾವಣಗೆರೆಯಲ್ಲಿ ಕೆಲಸಕ್ಕೆ ಹೋಗುತ್ತಿರಬಹುದು, ಬೆಂಗಳೂರಿನ ಪಿಜಿಯಲ್ಲಿರಬಹುದು. ಕುಟುಂಬದಲ್ಲಿ ಪೇಪರ್ ಓದಬಲ್ಲವರು ನೀವೇ. ಆದ್ದರಿಂದ ಮನೆಯ ಜವಾಬ್ದಾರಿಯೂ ನಿಮ್ಮದೇ. ರೈತನ ವಾಸದ ಮನೆಯನ್ನು ಸಾಲ ಕೊಟ್ಟವರಿಂದ ಕಾಪಾಡುವ ಕಾನೂನು ನಮ್ಮ ದೇಶದಲ್ಲಿ ಇದೆ. ಆ ರಕ್ಷಣೆಯನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಕೋರ್ಟಿನಲ್ಲಿ ಅಲ್ಲ, ಬ್ಯಾಂಕಿನ ಟೇಬಲ್ಲಿನ ಮೇಲೆ, ಓದದೆ ಹಾಕಿದ ಸಹಿಯಿಂದ.

1. ಈ ಭಾನುವಾರವೇ ಕಬ್ಬಿಣದ ಪೆಟ್ಟಿಗೆ ತೆರೆಯಿರಿ.

ಎಲ್ಲ ಪೇಪರ್ ಹೊರಗೆ ತೆಗೆಯಿರಿ. ಕ್ರಯಪತ್ರ, ವಿಭಾಗ ಪತ್ರ, ಹಕ್ಕುಪತ್ರ, ಕಂದಾಯದ ರಸೀದಿ, ಕರೆಂಟ್ ಬಿಲ್. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ವರ್ಷದ ಪ್ರಕಾರ ಜೋಡಿಸಿ. ಚೆಕ್ಕುಬಂದಿ ಓದಿ, ಅಂಗಳದಲ್ಲಿ ನಿಂತು ತಾಳೆ ನೋಡಿ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯಾ ಎಂದು ಮೊದಲು ನೋಡಿ. ನಮೂನೆ 9 ಎಂದರೆ ತೆರಿಗೆ ನಿರ್ಧರಣೆಯ ಪಟ್ಟಿ. 11 ಎಂದರೆ ಬೇಡಿಕೆ, ವಸೂಲಿ, ಬಾಕಿಯ ವಹಿ. ನಿಮ್ಮ ಕೈಗೆ 11ಬಿ ಬಂದಿದ್ದರೆ ಹಿಗ್ಗಬೇಡಿ. ತೆರಿಗೆ ಕಟ್ಟಿಸಿಕೊಳ್ಳುವುದಕ್ಕೆ ಅದು ಸಾಕು, ಜಾಗ ಸಕ್ರಮ ಆಯಿತು ಅನ್ನುವುದಕ್ಕೆ ಸಾಲದು. ಕಂದಾಯದ ರಸೀದಿಯೂ ಅಷ್ಟೇ: ಸ್ವಾಧೀನಕ್ಕೆ ಸಾಕ್ಷಿ ಆಗಬಹುದು, ಮಾಲೀಕತ್ವ ಕೊಡುವುದಿಲ್ಲ.

ಹಳೇ ಪತ್ರ ಹುಡುಕುವವರು ಒಂದು ವಿಷಯ ನೆನಪಿಡಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ತೀರಾ ಇತ್ತೀಚಿನವರೆಗೆ ಹೊನ್ನಾಳಿ ತಾಲ್ಲೂಕಿನ ಭಾಗ. ಹಾಗಾಗಿ ಪತ್ರದಲ್ಲಿ 'ಶಿವಮೊಗ್ಗ ಜಿಲ್ಲೆ' ಎಂದಿದ್ದರೆ ಗಾಬರಿ ಬೇಡ, ಅದು ತಪ್ಪಲ್ಲ. ಋಣಭಾರ ಪತ್ರ, ಅಂದರೆ ಇ.ಸಿ., ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ. 'ಹೋದರೆ ಕೆಲಸ ಆಗಲ್ಲ' ಅನ್ನುವುದು ಸೋಮಾರಿತನದ ಇನ್ನೊಂದು ಹೆಸರು. ಹೋಗಿ.

2. ತಾಂಡಾ, ಹಟ್ಟಿಯವರು ಹಕ್ಕುಪತ್ರ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಈ ಭಾಗದಲ್ಲಿ ತಾಂಡಾಗಳಿಗೆ ಕೊರತೆಯಿಲ್ಲ. ಜಗಳೂರು ಕಡೆ ಗೊಲ್ಲರಹಟ್ಟಿ, ನಾಯಕರ ಹಟ್ಟಿಗಳಿವೆ. ತಲೆಮಾರುಗಟ್ಟಲೆ ಬದುಕಿದ ಮನೆ, ಆದರೆ ದಾಖಲೆಯಲ್ಲಿ ಊರೇ ಇಲ್ಲ. ಇದನ್ನು ಸರಿಪಡಿಸಲೆಂದೇ ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಿದರು. ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳಾಗತೊಡಗಿದವು. 2023ರ ಜನವರಿ 19ರಂದು ಕಲಬುರಗಿಯ ಮಳಖೇಡದಲ್ಲಿ ಒಂದೇ ಸಮಾರಂಭದಲ್ಲಿ ಸುಮಾರು 52 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಗ್ರಾಮೀಣ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಇದೆ.

ನಿಮ್ಮ ತಾಂಡಾ ಕಂದಾಯ ಗ್ರಾಮಗಳ ಪಟ್ಟಿಯಲ್ಲಿದೆಯಾ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಹಕ್ಕುಪತ್ರ ಬಂದ ಮೇಲೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬೇಡಿ. ಪಂಚಾಯಿತಿಯಲ್ಲಿ ಖಾತೆ ಮಾಡಿಸಿ, ಇ-ಸ್ವತ್ತಿಗೆ ಏರಿಸಿ. ಹಕ್ಕುಪತ್ರದ ಹಿಂದೆ ಬರೆದ ಷರತ್ತುಗಳನ್ನೂ ಓದಿ: ಯಾವಾಗ ಮಾರಬಹುದು, ಯಾವಾಗ ಮಾರಬಾರದು ಎಂಬುದು ಅಲ್ಲೇ ಇರುತ್ತದೆ.

3. ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿ.

ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ. ತಡವಾದರೆ ತಿಂಗಳಿಗೆ ಶೇ 2ರ ದಂಡ. ಲೆಕ್ಕ ನೀವೇ ಹಾಕಿ: ವರ್ಷಕ್ಕೆ ಶೇ 24. ಯಾವ ಬ್ಯಾಂಕೂ ಠೇವಣಿಗೆ ಇಷ್ಟು ಬಡ್ಡಿ ಕೊಡುವುದಿಲ್ಲ. ಪಂಚಾಯಿತಿ ವ್ಯಾಪ್ತಿಯವರು ವರ್ಷದ ಆರಂಭದಲ್ಲೇ ಬಿಲ್ ಕಲೆಕ್ಟರನ್ನು ಕೇಳಿ, ಕಟ್ಟಿ, ರಸೀದಿ ಪಡೆಯಿರಿ. ಬಾಕಿ ಉಳಿಸಿಕೊಂಡರೆ ಚರಾಸ್ತಿ ಜಪ್ತಿ ಮಾಡುವ ಅಧಿಕಾರ ಪಂಚಾಯಿತಿಗೂ ಇದೆ. ಖಾತೆ ಬದಲಾವಣೆಗೆ ಹೋದ ದಿನ ಮೊದಲು ಕೇಳುವುದೂ ಬಾಕಿಯನ್ನೇ.

4. ಬಂದ ಬಿಲ್ಲನ್ನು ಕಣ್ಣುಮುಚ್ಚಿ ಕಟ್ಟಬೇಡಿ.

ಬಿಲ್ಲಿನ ಅಳತೆ ಮತ್ತು ನಿಮ್ಮ ಟೇಪಿನ ಅಳತೆ ಒಂದೇನಾ ನೋಡಿ. ವಾಸದ ಮನೆಯನ್ನು ವಾಣಿಜ್ಯ ಎಂದು ಬರೆದಿದ್ದಾರಾ ನೋಡಿ. ಮುಂದಿನ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿರುತ್ತದೆ, ವಹಿಯಲ್ಲಿ ಅದು ಇನ್ನೂ ವ್ಯಾಪಾರ ಮಾಡುತ್ತಲೇ ಇರುತ್ತದೆ. ಕೃಷಿ ಕಂದಾಯ ಹಾಕಿದ ಜಮೀನಿಗೆ ಪಂಚಾಯಿತಿ ತೆರಿಗೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಸ್ವಂತ ವಾಸದ ಮನೆಗೆ ರಿಯಾಯಿತಿ ಕೇಳಿ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರು ಆಸ್ತಿ ತೆರಿಗೆ ಫಾರಂನಲ್ಲಿ 'ಸ್ವಂತ ವಾಸ' ಎಂಬುದನ್ನು ಸರಿಯಾಗಿ ತುಂಬಿ, ಬಾಡಿಗೆ ಮನೆಗಿಂತ ದರ ಕಡಿಮೆ. ಆದಾಯ ತೆರಿಗೆಯಲ್ಲೂ ಎರಡು ಮನೆಗಳನ್ನು ಸ್ವಂತ ವಾಸದ್ದೆಂದು ತೋರಿಸಲು ಅವಕಾಶ ಇದೆ, ಅಂದರೆ ಫ್ಲ್ಯಾಟೂ ಊರಿನ ಮನೆಯೂ ಎರಡೂ.

ಆಕ್ಷೇಪಣೆ ಇದ್ದರೆ ಬರೆದು ಕೊಡಿ. ಬಾಯಿಮಾತಿಗೆ ಕಚೇರಿಯಲ್ಲಿ ನೆನಪಿಲ್ಲ. ಸಕಾಲ ವ್ಯಾಪ್ತಿಯ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಬೇಕೆಂದು ಕಾಯ್ದೆಯಲ್ಲಿದೆ. ಹಣ ದೊಡ್ಡದಲ್ಲ, ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ ನಿಮ್ಮ ಫೈಲ್ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತದೆ.

5. ಸೆಕ್ಷನ್ 60 ಬಾಯಿಪಾಠ ಮಾಡಿ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಡಿಕ್ರಿ ತಂದರೂ ಯಾವುದನ್ನು ಜಪ್ತಿ ಮಾಡುವಂತಿಲ್ಲ ಎಂಬ ಪಟ್ಟಿ ಅದರಲ್ಲಿದೆ. ರೈತ, ಕೂಲಿ ಕಾರ್ಮಿಕ, ಮನೆಗೆಲಸದವರು ತಾವೇ ವಾಸವಿರುವ ಸ್ವಂತ ಮನೆ, ಅದರ ಜಾಗ, ಅದಕ್ಕೆ ಹೊಂದಿಕೊಂಡ ಹಿತ್ತಿಲು: ಮುಟ್ಟುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ತೊಡುವ ಬಟ್ಟೆ, ಧರ್ಮಾಚಾರದ ಪ್ರಕಾರ ಹೆಣ್ಣುಮಕ್ಕಳು ಕಳಚಲಾಗದ ಒಡವೆ: ಮುಟ್ಟುವಂತಿಲ್ಲ. ರೈತನ ನೇಗಿಲು, ಬೇಸಾಯಕ್ಕೆ ಬೇಕಾದಷ್ಟು ಎತ್ತು, ಬಿತ್ತನೆ ಬೀಜ, ಕಸುಬುದಾರನ ಉಪಕರಣ: ಇವೂ ಅಷ್ಟೇ.

ಇನ್ನೂ ಒಂದು ಅಂಶವನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. 'ಈ ರಕ್ಷಣೆ ನನಗೆ ಬೇಡ' ಎಂದು ನೀವು ಕರಾರಿಗೆ ಸಹಿ ಹಾಕಿದ್ದರೂ ಆ ಮಾತು ನಡೆಯುವುದಿಲ್ಲ. 60(1ಎ) ಪ್ರಕಾರ ಅಂಥ ಕರಾರು ಶೂನ್ಯ. ಬಡ್ಡಿ ವ್ಯಾಪಾರಿ ಬಾಂಡ್ ಪೇಪರ್ ತೋರಿಸಿ ಹೆದರಿಸಿದರೆ ಹೆದರಬೇಡಿ.

ಇದಕ್ಕೆ ಮಿತಿಗಳಿವೆ, ಅವನ್ನೂ ಕಲಿಯಿರಿ. ಮನೆ ಉಳಿಯುತ್ತದೆ, ಹೊಲ ಉಳಿಯಬೇಕೆಂದಿಲ್ಲ. ಅದೇ ಮನೆಯ ಬಾಡಿಗೆ ಬಾಕಿಗೆ ಬಂದ ಡಿಕ್ರಿಗೆ ಈ ರಕ್ಷಣೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮನೆಯನ್ನೇ ನೀವು ಅಡಮಾನ ಇಟ್ಟಿದ್ದರೆ ಅಡಮಾನದ ಸಾಲಕ್ಕೆ ಅದು ಹೋಗಬಹುದು. ಮುಂದಿನ ಕೆಲವು ಸೂತ್ರಗಳು ನಿಂತಿರುವುದು ಈ ಒಂದು ಅಪವಾದದ ಮೇಲೆ.

6. 'ನಾವು ರೈತರು' ಎಂದು ಹೇಳಬೇಡಿ, ಸಾಬೀತು ಮಾಡಿ.

ಕಾನೂನಿನ ದೃಷ್ಟಿಯಲ್ಲಿ ರೈತ ಎಂದರೆ ಸ್ವತಃ ಉಳುವವನು, ಮುಖ್ಯವಾಗಿ ಬೇಸಾಯದ ಆದಾಯದಿಂದಲೇ ಬದುಕುವವನು. ಇಲ್ಲಿ 'ಸ್ವತಃ' ಎಂದರೆ ಬೇಸಾಯವನ್ನು ತಾನೇ ಮಾಡಬಹುದು, ಮನೆಯವರಿಂದ ಮಾಡಿಸಬಹುದು, ಕೂಲಿಯವರಿಂದಲೂ ಮಾಡಿಸಬಹುದು. ಗೇಣಿದಾರ, ಕೃಷಿ ಕೂಲಿಕಾರನೂ ಇದರೊಳಗೆ ಬರುತ್ತಾನೆ. ಆದರೆ ವಿನಾಯಿತಿ ಕೇಳುವವರೇ ಅದನ್ನು ತೋರಿಸಿಕೊಡಬೇಕು.

ಪಹಣಿ ಪ್ರತಿ ವರ್ಷ ತೆಗೆದಿಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ ಎಂದು ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ. ಮೆಕ್ಕೆಜೋಳ ಹಾಕಿದ ಹೊಲ 'ಬೀಳು' ಎಂದಾಗಿದ್ದರೆ ಆಕ್ಷೇಪಣೆ ಹಾಕಿ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಮಾಡಿಸಿ. ಎಪಿಎಂಸಿ ಬಿಲ್ಲು, ಅಡಿಕೆ ಸೊಸೈಟಿಯ ರಸೀದಿ ಎಸೆಯಬೇಡಿ. ವಾಸಕ್ಕೆ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಕರೆಂಟ್ ಬಿಲ್ಲಿನ ವಿಳಾಸ ಒಂದೇ ಇರಲಿ.

ಇಲ್ಲಿ ಓದಿದ ಮಕ್ಕಳು ಮಾಡುವ ಒಂದು ಅವಸರದ ಕೆಲಸ ಇದೆ. ನೌಕರಿ ಸಿಕ್ಕ ಕೂಡಲೇ ಊರಿನ ಮನೆಯನ್ನು ಅಪ್ಪನ ಹೆಸರಿನಿಂದ ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ಯೋಚಿಸಿ. ಅಪ್ಪ ರೈತ, ಅಲ್ಲೇ ವಾಸ. ಅವರ ಹೆಸರಿನಲ್ಲಿರುವವರೆಗೆ ಮನೆಗೆ ಸೆಕ್ಷನ್ 60ರ ಕವಚ ಇದೆ. ನೀವು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ನೌಕರ, ಮೇಲೆ ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್. ನಿಮ್ಮ ಹೆಸರಿಗೆ ಬಂದ ದಿನ ಮನೆ ನಿಮ್ಮ ಸಾಲಗಳ ಎದುರು ಬರಿಮೈಯಲ್ಲಿ ನಿಲ್ಲುತ್ತದೆ. ಅಪ್ಪನ ಹೆಸರಲ್ಲೇ ಇರಲಿ ಬಿಡಿ.

7. ತೋಟ ಉಳಿಸಲು ಮನೆ ಅಡ ಇಡಬೇಡಿ.

ಚನ್ನಗಿರಿ, ಸಂತೇಬೆನ್ನೂರು, ಬಸವಾಪಟ್ಟಣದ ಕಡೆ ಜನರ ಮನಸ್ಸು ಹೇಗೆಂದರೆ ತೋಟ ಪ್ರಾಣ, ಮನೆ ಆಮೇಲೆ. ಬೋರ್‌ವೆಲ್ಲಿಗೆ, ಮದುವೆಗೆ, ಅಂಗಡಿಗೆ ಸಾಲ ಬೇಕಾದಾಗ 'ತೋಟದ ಪಹಣಿ ಕೊಡಲ್ಲ, ಬೇಕಾದರೆ ಮನೆಪತ್ರ ತಗೊಳ್ಳಿ' ಅನ್ನುತ್ತಾರೆ. ಭಾವನೆ ಅರ್ಥವಾಗುತ್ತದೆ. ಆದರೆ ಕಾನೂನಿನ ಲೆಕ್ಕ ಪೂರ್ತಿ ಉಲ್ಟಾ.

2002ರ ಸರ್ಫೇಸಿ ಕಾಯ್ದೆ ಬ್ಯಾಂಕುಗಳಿಗೆ ದೊಡ್ಡ ಶಕ್ತಿ ಕೊಟ್ಟಿದೆ. ಸಾಲ ಕೆಟ್ಟರೆ ಸಿವಿಲ್ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ ಅದೇ ಕಾಯ್ದೆಯ 31(ಐ) ಕೃಷಿ ಜಮೀನಿನ ಮೇಲಿನ ಅಡಮಾನವನ್ನು ಇದರಿಂದ ಹೊರಗಿಟ್ಟಿದೆ. ಅಂದರೆ ತೋಟಕ್ಕೆ ಬರಬೇಕಾದರೆ ಬ್ಯಾಂಕ್ ಬೇರೆ ದಾರಿ ಹಿಡಿಯಬೇಕು. ಗ್ರಾಮಠಾಣಾದ ಮನೆಗೆ ಬರಲು ನೋಟಿಸ್ ಸಾಕು.

ಈಗ ಎರಡನ್ನೂ ಕೂಡಿಸಿ ನೋಡಿ. ಅಡ ಇಡದ ಮನೆಯನ್ನು ಸೆಕ್ಷನ್ 60 ಕಾಯುತ್ತದೆ, ಕೋರ್ಟ್ ಅಮೀನನೂ ಅದನ್ನು ಜಪ್ತಿ ಮಾಡುವಂತಿಲ್ಲ. ಅಡ ಇಟ್ಟ ಮನೆಗೆ ಕೋರ್ಟೂ ಬೇಕಿಲ್ಲ. ಮನೆಪತ್ರ ಬ್ಯಾಂಕಿಗೆ ಒಪ್ಪಿಸಿದ ಆ ಒಂದು ಮಧ್ಯಾಹ್ನದಲ್ಲಿ ಮನೆ ಅತ್ಯಂತ ಗಟ್ಟಿ ಜಾಗದಿಂದ ಅತ್ಯಂತ ಸಡಿಲ ಜಾಗಕ್ಕೆ ಜಾರುತ್ತದೆ. ಪತ್ರ ನೋಂದಣಿಯಾಗದಿದ್ದರೂ ಮೂಲಪತ್ರಗಳನ್ನು ಸಾಲಕ್ಕೆ ಭದ್ರತೆಯಾಗಿ ಕೊಟ್ಟರೆ ಸಾಕು, ಅದೂ ಅಡಮಾನದ ಒಂದು ಬಗೆ. 'ಸುಮ್ಮನೆ ಒರಿಜಿನಲ್ ಇಟ್ಟುಕೊಳ್ತೀವಿ' ಎಂಬ ಮಾತನ್ನು ನಂಬಬೇಡಿ.

ಮನೆ ಕಟ್ಟಲೆಂದೇ ತೆಗೆದ ಹೋಂ ಲೋನ್ ಬೇರೆ ಮಾತು. ಅದಕ್ಕೆ ಆ ಮನೆಯನ್ನೇ ಕೊಡಬೇಕು. ಇಎಂಐ ತಪ್ಪದೆ ಕಟ್ಟಿ, ಮುಗಿದ ದಿನ ಮೂಲಪತ್ರ ವಾಪಸ್ ಪಡೆದು ಇ.ಸಿ.ಯಲ್ಲಿ ಋಣ ತೀರಿದ್ದು ಕಾಣುತ್ತಿದೆಯಾ ನೋಡಿ. ನಾನು ಹೇಳುತ್ತಿರುವುದು ಇರುವ ಮನೆಯನ್ನು ವ್ಯಾಪಾರಕ್ಕೆ, ಕಾರಿಗೆ, ಬೀಗರ ಮುಂದಿನ ಮರ್ಯಾದೆಗೆ ಒತ್ತೆ ಇಡುವ ಬಗ್ಗೆ.

8. ಅಡವಿಲ್ಲದೆ ಸಿಗುವ ಸಾಲವನ್ನು ಮೊದಲು ಕೇಳಿ.

ರಿಸರ್ವ್ ಬ್ಯಾಂಕ್ 2025ರ ಜನವರಿ 1ರಿಂದ ಅಡಮಾನರಹಿತ ಕೃಷಿ ಸಾಲದ ಮಿತಿಯನ್ನು 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ. ಅಷ್ಟರೊಳಗಿನ ಬೆಳೆಸಾಲಕ್ಕೆ ಮ್ಯಾನೇಜರ್ ಮನೆಪತ್ರ ಕೇಳಿದರೆ ಈ ನಿಯಮವನ್ನು ನೆನಪಿಸಿ, ವಿನಯವಾಗಿಯೇ. ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲ ರಾಜ್ಯದಲ್ಲಿದೆ. ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಅದು ಶೂನ್ಯ.

ವಿದ್ಯಾರ್ಥಿಗಳೇ, ಎಜುಕೇಷನ್ ಲೋನಿಗೆ 4 ಲಕ್ಷದವರೆಗೆ ಅಡಮಾನ ಕೇಳಬಾರದೆಂಬುದು ಬ್ಯಾಂಕುಗಳ ಮಾದರಿ ಯೋಜನೆಯಲ್ಲೇ ಇದೆ. 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿ ಇದೆ. ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಸೀಟು ಸಿಕ್ಕ ಖುಷಿಯಲ್ಲಿ ಅಪ್ಪನ ಕೈ ಹಿಡಿದು ಮನೆಪತ್ರ ತರಿಸಬೇಡಿ. ಯೋಜನೆಯ ಪ್ರಿಂಟ್‌ಔಟ್ ತಗೊಂಡು ನೀವೇ ಬ್ಯಾಂಕಿಗೆ ಹೋಗಿ.

9. ಜಾಮೀನು ಸಹಿಗೆ 'ಇಲ್ಲ' ಅನ್ನಲು ಕಲಿಯಿರಿ.

ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಒಪ್ಪಂದ ಕಾಯ್ದೆಯ 128ನೇ ಕಲಂ ಹೇಳುವುದು ಅದನ್ನೇ. ಬ್ಯಾಂಕ್ ಮೊದಲು ನಿಮ್ಮ ಗೆಳೆಯನ ಹಿಂದೆ ಓಡಬೇಕೆಂಬ ಕಡ್ಡಾಯ ಇಲ್ಲ. ಸಂಬಳದ ಸ್ಲಿಪ್ ಇರುವ ನಿಮ್ಮ ಹಿಂದೆಯೇ ಬರುತ್ತದೆ.

ಅಕಸ್ಮಾತ್ ಸಿಕ್ಕಿಬಿದ್ದರೆ ಸಂಬಳಕ್ಕೂ ಸೆಕ್ಷನ್ 60ರಲ್ಲಿ ರಕ್ಷಣೆ ಇದೆ. ಜೀವನಾಂಶದ ಡಿಕ್ರಿ ಬಿಟ್ಟು ಉಳಿದ ಡಿಕ್ರಿಗಳಲ್ಲಿ ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 31 ಸಾವಿರ ಸಂಬಳವಿದ್ದರೆ 21 ಸಾವಿರ ನಿಮ್ಮದು, 10 ಸಾವಿರಕ್ಕೆ ಮಾತ್ರ ಕೈ ಹಾಕಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ ಆ ಡಿಕ್ರಿಯ ಮಟ್ಟಿಗೆ ಸಂಬಳ ಪೂರ್ತಿ ಬಿಡುಗಡೆ. ಆದರೆ ಸೊಸೈಟಿ ಸಾಲದಲ್ಲಿ 'ಸಂಬಳದಿಂದ ಮುರಿದುಕೊಳ್ಳಬಹುದು' ಎಂದು ನೀವೇ ಬರೆದುಕೊಟ್ಟಿದ್ದರೆ ಕೋರ್ಟಿಗೆ ಹೋಗದೆ ನೇರ ಕಡಿತವಾಗುತ್ತದೆ. ಪ್ರಾವಿಡೆಂಟ್ ಫಂಡ್, ಜೀವವಿಮೆಯ ಹಣ ಜಪ್ತಿಗೆ ಸಿಗುವುದಿಲ್ಲ. ಉಳಿತಾಯ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಮದುವೆಯಾದವರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳದ್ದು, ನಿಮಗೆ ಸಾಲ ಕೊಟ್ಟವರದ್ದಲ್ಲ. ಏಜೆಂಟನಿಗೆ ಕೇಳಿದರೆ ಫಾರಂ ಕೊಡುತ್ತಾನೆ, ಕೇಳದಿದ್ದರೆ ಅವನಾಗಿ ಹೇಳುವುದು ಅಪರೂಪ.

10. ಸಾಲಕ್ಕೆ ಕ್ರಯಪತ್ರ ಬರೆದುಕೊಡಬೇಡಿ.

ಎಂದಿಗೂ ಬೇಡ. 'ದುಡ್ಡು ಕೊಟ್ಟ ಮೇಲೆ ವಾಪಸ್ ಬರೆದುಕೊಡ್ತೀನಿ' ಎಂಬ ಬಾಯಿಮಾತಿನ ಮೇಲೆ ನೋಂದಣಿ ಮಾಡಿಸಿದರೆ ದಾಖಲೆಯಲ್ಲಿ ನೀವು ಮನೆ ಮಾರಿದವರು. ಖಾಲಿ ಚೆಕ್, ಖಾಲಿ ಛಾಪಾ ಕಾಗದ ಕೂಡ ಕೊಡಬೇಡಿ. ಕಿರುಸಾಲದವರು ಮನೆ ಮುಂದೆ ಕೂತು ಗಲಾಟೆ ಮಾಡಿದರೆ, ಬೀಗ ಹಾಕಲು ಬಂದರೆ ಪೊಲೀಸ್ ಠಾಣೆಗೆ ಹೋಗಿ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

11. ಅಪ್ಪನ ಸಾಲಕ್ಕೆ ನಿಮ್ಮ ಲೆಕ್ಕ ನಿಖರವಾಗಿರಲಿ.

ತಂದೆ ತೀರಿಕೊಂಡ ಮೇಲೆ ಸಾಲ ಕೊಟ್ಟವರು ಮಗನ ಹತ್ತಿರ ಬರುತ್ತಾರೆ. ಮರ್ಯಾದೆಗೆ ಅಂಜಿ ಹೊಸ ಬಾಂಡಿಗೆ ಸಹಿ ಹಾಕಬೇಡಿ. ನೀವು ಹೊಣೆಗಾರರಾಗುವುದು ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ಸಂಬಳ, ನಿಮ್ಮ ದುಡಿಮೆಯ ಸೈಟು ಅದಕ್ಕೆ ಸೇರುವುದಿಲ್ಲ. ಹೊಸ ಬಾಂಡಿಗೆ ಸಹಿ ಹಾಕಿದರೆ ಮಾತ್ರ ಅದು ನಿಮ್ಮ ಸ್ವಂತ ಸಾಲ. ಹಿಂದೂ ಕುಟುಂಬಗಳಲ್ಲಿ 'ತಂದೆಯ ಋಣ ತೀರಿಸುವುದು ಮಗನ ಧರ್ಮ' ಎಂಬ ಹಳೇ ನಿಯಮದ ಮೇಲೆ ಕೋರ್ಟಿಗೆ ಹೋಗುವ ದಾರಿಯನ್ನು 2005ರ ಉತ್ತರಾಧಿಕಾರ ತಿದ್ದುಪಡಿ ಮುಚ್ಚಿತು. ಅದೇ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಅಕ್ಕತಂಗಿಯರ ಸಹಿ ಇಲ್ಲದ ಅಡಮಾನ ನಾಳೆ ಕೋರ್ಟಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಬೇಡಿ.

ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟಿನಿಂದ ಬರುವ ಪಾಲು ಇಲ್ಲ. ತಂದೆ ಹೋದ ಮೇಲೆ ಅಂತ್ಯಕ್ರಿಯೆಯ ಖರ್ಚು, ಸಾಲ, ಮಿತಿಯೊಳಗಿನ ವಸಿಯ್ಯತ್ (ಉಯಿಲು) ಕಳೆದು ಉಳಿದದ್ದು ವಾರಸುದಾರರಿಗೆ ಹಂಚಿಕೆ. ಸಾಲದ ಹೊಣೆಯೂ ಪಾಲಿನ ಪ್ರಮಾಣಕ್ಕೆ. ಹಿಬಾ, ಅಂದರೆ ದಾನ, ಮಾಡಿದ್ದರೆ ಸ್ವಾಧೀನ ನಿಜಕ್ಕೂ ಕೊಟ್ಟಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಸಾಲದ ನೋಟಿಸ್ ಬಂದ ಮೇಲೆ ರಾತ್ರೋರಾತ್ರಿ ಮನೆಯನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ರದ್ದು ಮಾಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಇದೆ. ಮೇಲಾಗಿ, ರೈತನ ಮನೆಯಾಗಿ ಸಿಗುತ್ತಿದ್ದ ರಕ್ಷಣೆಯೂ ಕೈತಪ್ಪಬಹುದು.

12. ನೋಟಿಸ್ ಬಂದರೆ ದಿನ ಎಣಿಸಿ, ನಿದ್ದೆಗೆಡಬೇಡಿ.

ಸರ್ಫೇಸಿ ನೋಟಿಸ್ ಬಂದ ದಿನವನ್ನು ಲಕೋಟೆಯ ಮೇಲೆ ಬರೆಯಿರಿ. ಕಟ್ಟಲು 60 ದಿನ ಇದೆ. ಅಷ್ಟರೊಳಗೆ ಲಿಖಿತ ಆಕ್ಷೇಪಣೆ ಕೊಡಿ, ಬ್ಯಾಂಕ್ 15 ದಿನದಲ್ಲಿ ಕಾರಣ ಸಮೇತ ಉತ್ತರಿಸಬೇಕು. ಉಳಿದ ಬಾಕಿ ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಇದ್ದರೆ ಈ ಕಾಯ್ದೆ ನಿಮಗೆ ಅನ್ವಯಿಸುವುದೇ ಇಲ್ಲ. ಆ ಲೆಕ್ಕವನ್ನು ಮೊದಲು ಹಾಕಿ. ಬ್ಯಾಂಕ್ ವಶಕ್ಕೆ ಪಡೆಯುವ ಹೆಜ್ಜೆ ಇಟ್ಟರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹಣ ಹೊಂದಿಸಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 'ಹರಾಜಿನ ದಿನ ನೋಡ್ಕೊಳ್ಳೋಣ' ಅನ್ನುವವರ ಜತೆ ಸೇರಬೇಡಿ.

ಅಡಮಾನ ಇಲ್ಲದ ಸಾಲಕ್ಕೆ ಸಿವಿಲ್ ಕೋರ್ಟಿನಿಂದ ಅಮಲ್ಜಾರಿ ನೋಟಿಸ್ ಬಂದಿದ್ದರೆ ಹಾಜರಾಗಿ, ಸೆಕ್ಷನ್ 47 ಮತ್ತು 60ರ ಅಡಿ ಆಕ್ಷೇಪಣೆ ಹಾಕಿಸಿ, ಆರನೇ ಸೂತ್ರದಲ್ಲಿ ಹೇಳಿದ ದಾಖಲೆಗಳನ್ನು ಕೊಡಿ. ಹಾಜರಾಗದೆ ಮನೆಯಲ್ಲಿ ಕೂತವರಿಗೆ ಯಾವ ವಿನಾಯಿತಿಯೂ ತಾನಾಗಿ ಬರುವುದಿಲ್ಲ.

ಅಮೆರಿಕದಲ್ಲಿರುವ ನಿಮ್ಮ ಅಣ್ಣಂದಿರಿಗೂ ನಿಯಮ ಹೆಚ್ಚು ಬೇರೆ ಇಲ್ಲ. ಟೆಕ್ಸಾಸ್ ಸ್ವತಂತ್ರ ಗಣರಾಜ್ಯವಾಗಿದ್ದ 1839ರಲ್ಲೇ ವಾಸದ ಮನೆಯನ್ನು ಸಾಲ ಕೊಟ್ಟವರಿಂದ ಕಾಪಾಡುವ ಕಾನೂನು ಮಾಡಿತು. ಅದೇ ಹೋಮ್‌ಸ್ಟೆಡ್ ವಿನಾಯಿತಿ. ಈಗ ಅಲ್ಲಿ ಅದೇ ಹೆಸರಿನಲ್ಲಿ ತೆರಿಗೆ ರಿಯಾಯಿತಿಯೂ ಇದೆ: ಶಾಲಾ ತೆರಿಗೆಯ ಲೆಕ್ಕದಲ್ಲಿ ವಾಸದ ಮನೆಯ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ, 2025ರ ನವೆಂಬರಿನಲ್ಲಿ ಜನ ಮತ ಹಾಕಿ ಒಪ್ಪಿದ ಮೊತ್ತ ಅದು. ಫ್ಲಾರಿಡಾದಲ್ಲಿ ಇಂಥ ರಿಯಾಯಿತಿಯ ಅರ್ಜಿಗೆ ಮಾರ್ಚ್ 1ರ ಗಡುವು. ಎರಡೂ ಕಡೆ ಅರ್ಜಿ ಹಾಕಿದವರಿಗೆ ಮಾತ್ರ ತೆರಿಗೆ ಇಳಿಯುತ್ತದೆ, ಎರಡೂ ಕಡೆ ಮನೆಸಾಲದ ಬ್ಯಾಂಕನ್ನು ಅದು ತಡೆಯುವುದಿಲ್ಲ. ಡಲ್ಲಾಸಿನಲ್ಲಿ ಮನೆ ಕೊಂಡ ನಮ್ಮೂರಿನವರು ಯಾರಾದರೂ ಇದ್ದರೆ ಅರ್ಜಿ ಹಾಕಿದ್ದಾರಾ ಎಂದು ವಾಟ್ಸ್‌ಆ್ಯಪಿನಲ್ಲಿ ಕೇಳಿ. ಅರ್ಜಿಗೆ ಶುಲ್ಕ ಇಲ್ಲ, ದುಡ್ಡು ಕೇಳಿ ಬರುವ ಏಜೆಂಟರ ಪತ್ರ ಕಸದ ಬುಟ್ಟಿಗೆ ಹಾಕಲಿ.

ಇಲ್ಲಿ ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಸಹಾಯವಾಣಿ 15100. ಫೋನ್ ಮಾಡುವ ಮುಂಚೆ ನೋಟಿಸಿನ ತಾರೀಖು, ಸಾಲದ ಖಾತೆ ನಂಬರ್, ಪಹಣಿ, ನಮೂನೆ 9 ಮತ್ತು 11 ಪಕ್ಕದಲ್ಲಿಟ್ಟುಕೊಳ್ಳಿ.